ಸೊಟ್ಟ ಬೈತಲೆ

ಒಂಬತ್ತು ವರ್ಷದ ಹೆಣ್ಣುಮಗು ಬೆಳಗ್ಗೆ ಯಾರೂ ಕರೆಯದೆ, ಗದರದೆ, ತಾನಾಗಿಯೇ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ನಿಂತರೆ ಅದರಲ್ಲಿ ಏನೋ ಮಸಲತ್ತಿದೆ ಎಂದೇ ತಿಳಿಯಬೇಕು. ನಿಮ್ಮ ಮನೆಯ ಸಂಗತಿ ನನಗೆ ತಿಳಿಯದು. ಸೇಲಂನ ನಮ್ಮ ಬಾಡಿಗೆ ಮನೆಯಲ್ಲಂತೂ ಜಡೆ ಹಾಕುವುದೆಂದರೆ ನಿತ್ಯ ಕುರುಕ್ಷೇತ್ರ: ಮಗಳು ಪವಿತ್ರಾ ಮುಂದೆ, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಅವಳ ತಾಯಿ ಸರೋಜ ಹಿಂದೆ, ಇಬ್ಬರ ದಾರಿಗೆ ಅಡ್ಡವಾಗಿ ಕಾಫಿ ಲೋಟ ಹಿಡಿದು ನಿಂತ ಈ ನಿರಪರಾಧಿ. ಅಂಥವಳು ಒಂದು ಸೋಮವಾರ ಸದ್ದಿಲ್ಲದೆ ಎರಡು ಜಡೆ ಹೆಣೆದು, ಮಡಚಿ ಕಟ್ಟಿಕೊಂಡು ಬಂದು ನಿಂತಳು. ಬೈತಲೆ ಹರೂರಿನ ಬಸ್ಸು ಏರುವ ಘಾಟಿಯ ಹಾದಿಯಷ್ಟೇ ಸೊಟ್ಟಗಿತ್ತು. ಸರೋಜ ಕರಗಿಹೋದಳು. ನಾನು ಕರಗಲಿಲ್ಲ.

ಸಂಶಯ ನನಗೆ ಪಿತ್ರಾರ್ಜಿತ. ನಲ್ಲಂಪಳ್ಳಿಯ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿದ್ದ ನಮ್ಮಪ್ಪ ಸಂಜೆ ಮಂದೆಯನ್ನು ದೊಡ್ಡಿಗೆ ಬಿಡುವಾಗ ಒಮ್ಮೆ ತಲೆ ಎಣಿಸಿ, ಒಮ್ಮೆ ಬಾಲ ಎಣಿಸಿ, ಎರಡೂ ಸರಿಹೊಂದಿದರೆ ಅನುಮಾನ ಬಂದು ಮತ್ತೊಮ್ಮೆ ಎಣಿಸುತ್ತಿದ್ದ. ಅಂಥವನ ಮಗ ಗಣಿತದ ಮೇಷ್ಟ್ರಾದದ್ದು, ಹುಡುಗರು ಸರಿಯುತ್ತರ ಬರೆದಾಗಲೆಲ್ಲ ಪಕ್ಕದವನ ಹಾಳೆಯನ್ನು ನೋಡುವುದು, ಎರಡೂ ಸಹಜವೇ. ಮಗಳ ಹಠಾತ್ ಸ್ವಾವಲಂಬನೆಯ ಹಿಂದೆ ಏನಿರಬಹುದೆಂದು ನಾನು ಯೋಚಿಸಿದೆ. ಪ್ರವಾಸಕ್ಕೆ ಹೋಗುವ ಆಸೆಯೇ? ಪರೀಕ್ಷೆಯಲ್ಲಿ ಬಂದ ಸೊನ್ನೆಯೇ? ಕಡೆಗೊಂದು ದಿನ, ಹೇಳಲು ನಾಚಿಕೆಯಾಗುತ್ತದೆ, ಅವಳ ಸ್ಕೂಲ್ ಬ್ಯಾಗನ್ನೇ ತಡಕಿದೆ. ಅಡಿಯಲ್ಲಿ ಸಿಕ್ಕವು ಸರೋಜಳ ಹಳೆಯ ಸೀರೆಯ ಅಂಚನ್ನು ಹರಿದು ಮೂರೆಳೆಯಾಗಿ ಹೆಣೆದ ಗೇಣುದ್ದದ ಏಳು ತುಂಡುಗಳು. ಕುರಿ ಸಾಕುವ ಮನೆಯಲ್ಲಿ ಹಗ್ಗ ಹೆಣೆಯುವವರನ್ನು ಕಂಡರೆ ಯಾವುದನ್ನು ಕಟ್ಟಲಿಕ್ಕೆ ಎಂದು ಕೇಳುತ್ತಾರೆ. ಏನಿದು ಎಂದು ನಾನೂ ಕೇಳಿದೆ. "ಒಣ್ಣುಮಿಲ್ಲಪ್ಪಾ" ಎಂದಳು ತಮಿಳಿನಲ್ಲಿ. ಏನೂ ಇಲ್ಲ ಎನ್ನುವ ಮಕ್ಕಳನ್ನು ನಂಬಿ ಕೆಟ್ಟ ಮೇಷ್ಟ್ರುಗಳು ನೂರಾರು ಜನ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಇಷ್ಟೆಲ್ಲ ತನಿಖೆಯ ಮೂಲ ಅದೇ. ಮನೆಯಲ್ಲಿ ಗುಟ್ಟೊಂದಿದ್ದದ್ದು ನಿಜ, ಆದರೆ ಅದು ನಮ್ಮದು. ಸರೋಜಳ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು, ಮುಂದಿನ ವಾರ ಆಪರೇಷನ್ ಎಂದು ನಿಶ್ಚಯವಾಗಿತ್ತು. ಅಂಗನವಾಡಿಯಲ್ಲಿ ಕೆಲಸ ಮಾಡುವ ಅಮ್ಮ ಹತ್ತು ದಿನದ ಟ್ರೈನಿಂಗಿಗೆ ಹರೂರಿಗೆ ಹೋಗುತ್ತಾಳೆ ಎಂದು ಮಗಳಿಗೆ ಹೇಳಿದ್ದೆವು. ಹೀಗೆ ಹೇಳಿದವನು ಯಾರು? ಶಾಲೆಯ ಪೋಷಕರ ಸಭೆಯಲ್ಲಿ ಪ್ರತಿ ಸಲವೂ ಎದ್ದು ನಿಂತು, "ಮಕ್ಕಳಿಂದ ಕಷ್ಟವನ್ನು ಮುಚ್ಚಿಡಬೇಡಿ, ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ" ಎಂದು ಗಂಟೆಗಟ್ಟಲೆ ಉಪದೇಶಿಸುವ ಇದೇ ಮಹಾನುಭಾವ.

ತಮಿಳು ಸೀಮೆಯಲ್ಲಿರುವ ನಮ್ಮಂಥ ಕನ್ನಡದವರ ಮನೆಗಳಲ್ಲಿ ಗುಟ್ಟಿಡಲು ಬೀರು ಬೇಕಿಲ್ಲ, ಕನ್ನಡ ಸಾಕು. ಮಕ್ಕಳ ಜೊತೆ ತಮಿಳು, ಮಕ್ಕಳಿಗೆ ಕೇಳಬಾರದ್ದಕ್ಕೆಲ್ಲ ಕನ್ನಡ. ಊರಿನಲ್ಲಿ ಅವಳ ಅಜ್ಜಿ "ಉಂಡ್ಯೇನವ್ವಾ?" ಎಂದು ಕೇಳಿದರೂ ಪವಿತ್ರಾ ತಮಿಳಿನಲ್ಲೇ ಉತ್ತರಿಸುತ್ತಿದ್ದಳಾದ್ದರಿಂದ, ಇವಳಿಗೆ ಕನ್ನಡ ಬರುವುದಿಲ್ಲ ಎಂದು ತೀರ್ಮಾನಿಸಿದ್ದೆವು. ಉತ್ತರ ಸರಿಯಿದ್ದರೆ ಪ್ರಶ್ನೆ ಅರ್ಥವಾಗಿದೆ ಎಂಬಷ್ಟು ಗಣಿತ ಈ ಮೇಷ್ಟ್ರಿಗೆ ಹೊಳೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾವು ಅವಳ ತಟ್ಟೆಗೆ ಸಾಂಬಾರು ಬಡಿಸುತ್ತಲೇ ಡಾಕ್ಟರು, ಪರೀಕ್ಷೆ, ಭಯ ಎಲ್ಲವನ್ನೂ ಮಾತಾಡಿಕೊಂಡೆವು.

ಭಾನುವಾರ ಮಧ್ಯಾಹ್ನ ನಾನು ಏಳೂ ತುಂಡುಗಳನ್ನು ಅವಳ ಮುಂದಿಟ್ಟು, ಅಮ್ಮನ ಸೀರೆ ಹರಿದದ್ದೇಕೆಂದು ತಮಿಳಿನಲ್ಲಿ ವಿಚಾರಣೆಗೆ ತೊಡಗಿದೆ. ಅವಳು ನನ್ನನ್ನೇ ನೋಡಿದಳು. ದೊಡ್ಡಿಯ ಬಾಗಿಲಲ್ಲಿ ಮೂರನೆಯ ಸಲ ಎಣಿಸುವ ನಮ್ಮಪ್ಪನ ನೋಟ ಅದು. ಆಮೇಲೆ ಅಪ್ಪಟ ನಲ್ಲಂಪಳ್ಳಿಯ ಕನ್ನಡದಲ್ಲಿ ಹೇಳಿದಳು:

"ಆಪರೇಸನ್ ಆದ್ಮ್ಯಾಕೆ ಕೈ ಎತ್ತಕ್ಕಾಗಲ್ಲ, ಇವ್ಳ ಜಡೆ ಯಾರು ಆಕ್ತಾರೆ ಅಂತ ಅಮ್ಮ ಅಳ್ತಿತ್ತಲ್ಲಾ. ಅದ್ಕೇ ಇವುನ್ನ ಎಣ್ದು ಎಣ್ದು ಕಲ್ತ್ಕಂಡೆ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾನು ಗಾಬರಿಯಲ್ಲಿ, ಅಮ್ಮನಿಗೆ ಏನೂ ಆಗಿಲ್ಲ, ಬರೀ ಟ್ರೈನಿಂಗು ಎಂದು ಮತ್ತೆ ತಮಿಳಿನಲ್ಲಿ ಶುರುಮಾಡಿದೆ.

"ತಮಿಳ್ನಾಗೆ ಬ್ಯಾಡಪ್ಪಾ. ತಮಿಳ್ನಾಗೆ ನೀನು ಸುಳ್ಳು ಏಳ್ತೀಯ. ಕನ್ನಡ್ದಾಗೆ ಏಳು. ಅಮ್ಮ ವಾಪಸ್ ಬತ್ತದಾ?"

ಪಾಪ, ತಮಿಳು ಏನು ತಪ್ಪು ಮಾಡಿತ್ತು? ನನಗೆ ಅನ್ನ ಕೊಟ್ಟ ಭಾಷೆಗೆ ನಾನು ಸುಳ್ಳಿನ ಕೆಲಸ ಹಚ್ಚಿದ್ದೆ. ಈಗ ಕನ್ನಡದಲ್ಲೊಂದು ಸುಳ್ಳು ಹುಡುಕಿದೆ, ನಾಲಿಗೆ ಹೊರಳಲಿಲ್ಲ. "ಗೊತ್ತಿಲ್ಲ ಕಣವ್ವಾ. ಬತ್ತಾಳೆ ಅಂತ ಡಾಕ್ಟ್ರು ಏಳವ್ರೆ. ನಂಗೂ ಭಯ ಐತೆ" ಎಂದೆ. ಸರೋಜ ಬಂದು ಕುಳಿತು, ಮಗಳ ಕೈಹಿಡಿದು, ಗಂಟು ಎಲ್ಲಿದೆಯೆಂದು ಮುಟ್ಟಿಸಿ ತೋರಿಸಿದಳು. ಮೂವರೂ ಅತ್ತೆವು. ಅತ್ತು ಮುಗಿದ ಮೇಲೆ ಪವಿತ್ರಾ ಹಸಿವಾಗುತ್ತಿದೆ ಎಂದು ಮೂರು ದೋಸೆ ತಿಂದಳು. ಆ ವಾರದಲ್ಲಿ ಅವಳು ಹೊಟ್ಟೆ ತುಂಬ ತಿಂದದ್ದು ಅದೇ ಮೊದಲು ಎಂಬುದನ್ನು ಇಷ್ಟು ಅನುಮಾನದ ಕಣ್ಣಿನ ನಾನು ಗಮನಿಸಿಯೇ ಇರಲಿಲ್ಲ.

ಆಪರೇಷನ್ ಮುಗಿದಿದೆ. ಮುಂದಿನ ಪರೀಕ್ಷೆಗಳು ಏನು ಹೇಳುತ್ತವೋ ನಮಗೆ ಗೊತ್ತಿಲ್ಲ, ಗೊತ್ತಿಲ್ಲವೆಂದು ಮಗಳಿಗೂ ಗೊತ್ತು. ಸರೋಜ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈಯನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲಳೋ ಅಲ್ಲಿಗೆ ಪವಿತ್ರಾ ಪ್ರತಿದಿನ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಾಳೆ. ಜಡೆಯ ವಿಷಯದಲ್ಲಿ ಒಪ್ಪಂದವಾಗಿದೆ: ಬಲಗಡೆಯದು ಅವಳದು, ಎಡಗಡೆಯದೂ ಬೈತಲೆಯೂ ನನ್ನವು, ಮಂಚದಿಂದ ನಿರ್ದೇಶನ ಸರೋಜಳದು. ಮುಗಿದ ಮೇಲೆ ಮಗಳು ಕನ್ನಡಿಯನ್ನು ಹಿಡಿದು, ಅದರೊಳಗಿಂದಲೇ ನನ್ನನ್ನು ಅನುಮಾನದಿಂದ ನೋಡಿ ಕೇಳುತ್ತಾಳೆ: "ಬೈತಲೆ ನೆಟ್ಟಗೈತಾಪ್ಪಾ?"

"ಇಲ್ಲ ಕಣವ್ವಾ, ಸೊಟ್ಟಗೈತೆ" ಎನ್ನುತ್ತೇನೆ.

ಅವಳು ತೃಪ್ತಿಯಿಂದ ತಲೆಯಾಡಿಸಿ, ಬಿಚ್ಚದೆ, ಅದೇ ಜಡೆಯಲ್ಲಿ ಸ್ಕೂಲಿಗೆ ಹೊರಡುತ್ತಾಳೆ.