ಅಮಾವಾಸ್ಯೆಗೆ ಇಳಿಯುವ ಮಗು

ನಮ್ಮತ್ತೆ ಚಿಕ್ಕಬೋರಮ್ಮನ ಪ್ರಕಾರ ತಕ್ಕಡಿ ಇರುವುದು ಬೆಲ್ಲಕ್ಕೆ, ರೇಷ್ಮೆಗೂಡಿಗೆ. ಮಗುವನ್ನು ತೂಗಿ, ಇಷ್ಟು ಕೆ.ಜಿ. ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗದೆ ಬಿಡುವುದಿಲ್ಲ. ನನ್ನ ಮಗ ಸಂತೋಷನೋ ಎರಡು ವರ್ಷಕ್ಕೇ ದುಂಡಗಿದ್ದ. ನಾಗಮಂಗಲದ ಬಸ್ಸಿನಲ್ಲಿ ಅತ್ತೆ ಅವನನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂರುತ್ತಿದ್ದರು. ಕಂಡಕ್ಟರು "ಏನಜ್ಜಿ ಅದು?" ಎಂದರೆ, "ಕುಂಬಳಕಾಯಿ ಕಣಪ್ಪ, ಮುಟ್ಬ್ಯಾಡ" ಎನ್ನುವರು.

ಹೀಗಾಗಿ ಅಂಗನವಾಡಿಗೆ ನಾನು ಕರೆದೊಯ್ದ ತಿಂಗಳು ಸಂತೋಷನೇ ತೂಗಿಸಿಕೊಳ್ಳುತ್ತಿದ್ದ. ಅತ್ತೆಯ ಸರದಿ ಬಂದ ತಿಂಗಳು ಅವನ ಹೆಸರಿನಲ್ಲಿ ಪಕ್ಕದ ಮನೆ ಮಂಚಮ್ಮನ ಮೊಮ್ಮಗಳು, ಅವನದೇ ವಯಸ್ಸಿನ ಅರ್ಪಿತ, ತಕ್ಕಡಿಯ ಜೋಲಿಯಲ್ಲಿ ತೂಗಾಡುತ್ತಿದ್ದಳು. ಟೀಚರು ಮುತ್ತಮ್ಮನಿಗೆ ಗೊತ್ತಿಲ್ಲವೆಂದಲ್ಲ. ಅತ್ತೆಯ ಬಾಯಿಗೆ ಹೆದರಿ ಬರೆದುಕೊಳ್ಳುತ್ತಿದ್ದಳು.

ಅರ್ಪಿತಳ ಅಪ್ಪ ಅಮ್ಮ ಶ್ರೀರಂಗಪಟ್ಟಣದ ಹೋಟೆಲೊಂದರಲ್ಲಿ ದುಡಿಯುತ್ತಿದ್ದರು. ಅವಳ ಅಂಗನವಾಡಿ ಕಾರ್ಡು ಎಲ್ಲಿ ಕಳೆಯಿತೋ. ಕಾರ್ಡಿಲ್ಲದ ಮಗುವಿಗೆ ನಮ್ಮೂರಲ್ಲಿ ಪೌಷ್ಟಿಕ ಪುಡಿ ಇಲ್ಲ. ಕಡ್ಡಿಯಂಥ ಅವಳನ್ನು ಸಂತೋಷನ ಹೆಸರಲ್ಲಿ ತೂಗಿದರೆ ಮಾತ್ರ, ತೀರ ಬಡಕಲು ಮಗುವೆಂದು ಎರಡು ಪಾಲು ಸಿಗುತ್ತಿತ್ತು. ಅಷ್ಟನ್ನೂ ಅತ್ತೆ ಅವಳಿಗೇ ಕಲಸಿ ತಿನ್ನಿಸುತ್ತಿದ್ದರು. ಮೂಲೆಯಲ್ಲಿ ಕೂತೇ ಇರುತ್ತಿದ್ದ ಹುಡುಗಿ ಆಗಷ್ಟೇ ಎದ್ದು ಓಡಾಡಲು ಶುರುಮಾಡಿದ್ದಳು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಒಂದು ಜೀಪು ನಮ್ಮ ಮನೆ ಮುಂದೆ ಬಂದು ನಿಂತಿತು. ಡಾಕ್ಟರ್ ಚಂದ್ರಕಲ ಎಂಬವರು ನಾಲ್ಕು ತಾಲ್ಲೂಕಿನ ಜನನದ ದಾಖಲೆ, ಚುಚ್ಚುಮದ್ದಿನ ಪುಸ್ತಕ, ಅಂಗನವಾಡಿಯ ತೂಕ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ, ಮಕ್ಕಳು ಹೇಗೆ ಬೆಳೆಯುತ್ತಾರೆಂದು ನೋಡುತ್ತಿದ್ದರು.

"ನಿಮ್ಮ ಮಗ ಹುಟ್ಟಿದ್ದು ನಾಗಮಂಗಲ ತಾಲ್ಲೂಕಲ್ಲಿ, ಮೂರೂವರೆ ಕೆ.ಜಿ." ಎಂದರು ನನಗೆ. ನನ್ನ ತವರು ಬಿಂಡಿಗನವಿಲೆ, ಸರಿಯೇ. "ಇಲ್ಲಿ ಬಂದ್ಮೇಲೆ ಒಂದು ತಿಂಗಳು ಹದಿಮೂರು, ಮರುತಿಂಗಳು ಎಂಟು, ಮತ್ತೆ ಹದಿಮೂರು. ಇಂಥ ಮಗು ನಾನು ನೋಡೇ ಇಲ್ಲ."

ಅತ್ತೆ ಮುಂದೆ ಬಂದರು. "ಅದು ಅಮಾಸೆಗೆ ಇಳೀತದೆ ಕಣವ್ವ, ಉಣ್ಣಿಮೆಗೆ ಏರ್ತದೆ. ಅವ್ರಪ್ಪನೂ ಅಂಗೇಯ."

ಜಗಲಿಯ ಮೇಲಿದ್ದ ನನ್ನ ಗಂಡ ಲೋಕೇಶ್ ತನ್ನ ಹೊಟ್ಟೆ ನೋಡಿಕೊಂಡ. "ನಾನ್ ಯಾವಾಗವ್ವ ಇಳ್ದೆ?"

"ಸುಮ್ಕಿರ್ಲಾ, ಏರಿರೋದು ಕಾಣಾಕಿಲ್ವಾ!"

ಡಾಕ್ಟರು ನಗಲಿಲ್ಲ. "ಕಾಯಿಲೆ ಇರಬೋದು. ಮೈಸೂರಿಗೆ ಕರ್ಕೊಂಡ್ಹೋಗಿ ರಕ್ತ ತೆಗೆಸೋಣ. ಬರೆದದ್ದೇ ತಪ್ಪು ಅಂದ್ರೆ ಎಂಟು ಕೆ.ಜಿ.ನೆಲ್ಲ ಹೊಡೆದುಹಾಕಿ, ಪುಡಿ ಒಂದೇ ಪಾಲು ಮಾಡಿಸ್ತೀನಿ."

ಅತ್ತೆಯ ಮುಖ ಇಳಿಯಿತು. ಒಂದು ಕಡೆ ಮೊಮ್ಮಗನಿಗೆ ಸೂಜಿ, ಇನ್ನೊಂದು ಕಡೆ ಅರ್ಪಿತಳ ತುತ್ತು. ಮಂಚಮ್ಮ ಅರ್ಪಿತಳನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅತ್ತೆ ಸರ್ರನೆ ಹೋಗಿ ಹುಡುಗಿಯನ್ನು ಕಿತ್ತು ತಂದು ಡಾಕ್ಟರ ಮಡಿಲಲ್ಲಿ ಕೂರಿಸಿಬಿಟ್ಟರು.

"ತಗಳವ್ವ, ನಿನ್ ಎಂಟು ಕೇಜಿ ಇದೇಯ! ಚುಚ್ಚೋದಾದ್ರೆ ನಂಗೆ ಚುಚ್ಚು. ಪುಡಿ ನಿಲ್ಲುಸ್ಬುಟ್ಟೀಯೆ, ಜ್ವಾಕೆ!"

"ಯಾರ ಮಗು ಇದು?"

"ಮಂಚಮ್ಮನ ಮಗಳು ಜಯಲಕ್ಷ್ಮಮ್ಮಂದು. ಪಟ್ಟಣದಲ್ಲಿ ಉಟ್ತು. ಒಸಿ ದಿನ ಪಾಂಡವಪುರದಲ್ಲಿ ಚಿಕ್ಕಮ್ಮನ ಮನೇಲಿತ್ತು. ಈಗ ನಮ್ ತಾವ ಅದೆ."

ಡಾಕ್ಟರು ಗಡಿಬಿಡಿಯಿಂದ ಹಾಳೆ ತಿರುವಿದರು. "ಜಯಲಕ್ಷ್ಮಮ್ಮ! ಶ್ರೀರಂಗಪಟ್ಟಣದಲ್ಲಿ ಬರೀ ಹೆಣ್ಣು ಮಗು ಅಂತ ಬರೆದವ್ರೆ, ಹೆಸರೇ ಇಲ್ಲ. ಪಾಂಡವಪುರದಲ್ಲಿ ಒಂದು ಚುಚ್ಚುಮದ್ದು, ಆಮೇಲೆ ಮಾಯ. ಇವಳನ್ನ ಹುಡುಕಿ ಹುಡುಕಿ ಸಾಕಾಯ್ತಲ್ಲಮ್ಮ ನಂಗೆ!"

"ನನ್ ಕೇಳಿದ್ರೆ ಏಳ್ತಿರ್ನಿಲ್ವಾ?" ಎಂದರು ಅತ್ತೆ, ಅಲೆದದ್ದು ಡಾಕ್ಟರ ತಪ್ಪೇ ಎಂಬಂತೆ.

ಅಂದೇ ಅರ್ಪಿತಳಿಗೆ ಅವಳದೇ ಕಾರ್ಡಾಯಿತು, ಎರಡು ಪಾಲಿನದು.

ಮರುತಿಂಗಳು ಮುತ್ತಮ್ಮ ಆ ಹೊಸ ಕಾರ್ಡು ಹಿಡಿದು "ಅರ್ಪಿತ" ಎಂದು ಕೂಗಿದಳು. ಯಾರೂ ಏಳಲಿಲ್ಲ. "ಸಂತೋಷ್" ಎಂದಳು. ನನ್ನ ಮಗ ಏಳುವ ಮೊದಲೇ ಅರ್ಪಿತ ಓಡಿಹೋಗಿ ನಿಂತಳು.

"ಅದಲ್ಲ ಕಣೇ ಕಳ್ಳಿ, ನಿನ್ ಎಸ್ರೇ ಬ್ಯಾರೆ!" ಎಂದು ಅತ್ತೆ ಎಷ್ಟು ಹೇಳಿದರೂ ಕೇಳದೆ ಜೋಲಿಯೊಳಗೆ ಕಾಲಿಟ್ಟಳು. ಮುಳ್ಳು ಒಂಬತ್ತು ದಾಟಿತು.