ಕರಗಿದ ನೀರು ತೀರ್ಥವಾದ ಸಂಜೆ

ಉಸಿರನ್ನಿತ್ತು, ಆ ಉಸಿರಿಗೆ ತಕ್ಕ ಗಾಳಿಯನ್ನೂ ಇತ್ತು ಸಲಹುತ್ತಿರುವ ಶ್ರೀಮನ್ನಾರಾಯಣನಿಗೆ ಮೊದಲು ನಮಸ್ಕಾರ. ಕಂಡದ್ದನ್ನು ನೆನೆಯುವಷ್ಟು ಬುದ್ಧಿಯನ್ನು ಈ ವಯಸ್ಸಿನಲ್ಲೂ ಉಳಿಸಿದ್ದಾನೆ, ಅದಕ್ಕೆ ಕೃತಜ್ಞನಾಗಿದ್ದೇನೆ.

ಹೋದ ತಿಂಗಳು ಯಳಂದೂರಿನಲ್ಲೊಂದು ಮದುವೆ. ಪಾನಕಕ್ಕೆಂದು ಗೋಣಿತಾಟು ಸುತ್ತಿದ ಮಂಜುಗಡ್ಡೆಯನ್ನು ತಂದಿಳಿಸಿದರು. ತಾಟು ಬಿಚ್ಚುತ್ತಲೇ ನೆನೆದ ಭತ್ತದ ಹೊಟ್ಟಿನ ವಾಸನೆ ಎದ್ದಿತು. ಅದರೊಡನೆ ನಮ್ಮ ಎದುರುಮನೆಯ ಟೀಚರಮ್ಮನವರೂ ನೆನಪಾದರು...

ಅವರು ಭೂಗೋಳ ಕಲಿಸಿ ನಿವೃತ್ತರಾದವರು. ನಮ್ಮ ಬೀದಿಯ ರಾಮಮಂದಿರದಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ರೂಢಿಯಿದೆ. ಒಂದು ವರ್ಷ ಅವರು ಹಳೆಯ ಪತ್ರಿಕೆಗಳನ್ನು ನೆನೆಸಿ, ಅರೆದು, ಆ ಮುದ್ದೆಯಿಂದ ಹಿಮಕರಡಿಯೊಂದನ್ನು ಮಾಡಿ ಮೈಗೆಲ್ಲ ಹತ್ತಿ ಅಂಟಿಸಿದರು. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಭತ್ತದ ಹೊಟ್ಟಿನಲ್ಲಿ ಹುದುಗಿಸಿದ ಮಂಜುಗಡ್ಡೆ ತರಿಸಿ, ಹಿತ್ತಾಳೆಯ ಪರಾತದಲ್ಲಿಟ್ಟು, ಅದರ ಮೇಲೆ ಕರಡಿಯನ್ನು ನಿಲ್ಲಿಸಿದರು. ಉತ್ತರದ ಕಡಲು ಹೆಪ್ಪುಗಟ್ಟಿದಾಗ ಮಾತ್ರ ಆ ಪ್ರಾಣಿಗೆ ಬೇಟೆ. ಭೂಮಿ ಕಾವೇರಿದಂತೆ ಹಿಮ ಬೇಗ ಒಡೆಯುತ್ತದೆ, ತಡವಾಗಿ ಕಟ್ಟುತ್ತದೆ, ನಡುವೆ ಕರಡಿ ಹಸಿದಿರುತ್ತದೆ. ಇಷ್ಟನ್ನು ಜನ ಕಣ್ಣಾರೆ ಕಂಡು ಮರುಗಬೇಕು, ತಾವು ಸುಡುವ ಪೆಟ್ರೋಲು, ಸೌದೆಯನ್ನು ಕೊಂಚವಾದರೂ ಕಡಿಮೆ ಮಾಡಬೇಕು ಎಂಬುದೊಂದೇ ಅವರ ಹಂಬಲ. ಮಂಗಳಾರತಿಗೆ ಮುನ್ನ ಎರಡು ಮಾತಾಡಲು ಮಂದಿರದ ಯಜಮಾನರನ್ನು ಹಲವು ಸಲ ಬೇಡಿ ಒಪ್ಪಿಸಿದ್ದರು.

ದುರ್ಗಾಷ್ಟಮಿಯ ಸಂಜೆ ಮಾಂಬಳ್ಳಿ, ಹೊನ್ನೂರುಗಳಿಂದಲೂ ಹೆಂಗಸರು ಬಂದಿದ್ದರು. ಅವರಲ್ಲೊಬ್ಬಾಕೆ ಕರಡಿಯ ಮುಂದೆ ಕೈಮುಗಿದು ನಿಂತಳು.

"ಜಾಂಬವಂತಪ್ಪ ಅಲ್ವರಾ ಸ್ವಾಮಿ?" ಎಂದು ಅಲ್ಲಿ ಪುರಾಣ ಹೇಳುವ ನನ್ನನ್ನೇ ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಟೀಚರಮ್ಮ, "ದೇವ್ರಲ್ಲ ಕಣವ್ವ, ಬಿಳೀ ಕರಡಿ" ಎಂದರು.

"ನಮ್ ಬೆಟ್ಟದವು ಕರೀವು. ಇದ್ಕೆ ಸುಣ್ಣ ಬಳ್ದಿದ್ದೀರ ಬುಡಿ."

ಸುತ್ತಲೂ ನಗೆ. ಅಷ್ಟರಲ್ಲಿ ಯಾರೋ ಕರಡಿಯ ಹಣೆಗೆ ಕುಂಕುಮವಿಟ್ಟಾಗಿತ್ತು. ಇನ್ನೊಬ್ಬರು ಪರಾತದಲ್ಲಿ ನಿಂತ ನೀರಿಗೆ ಬೊಗಸೆಯೊಡ್ಡಿದರು. ಒಬ್ಬರನ್ನು ಕಂಡು ಮತ್ತೊಬ್ಬರು... ಸಾಲೇ ಬೆಳೆಯಿತು. ನಾನೂ ಎದ್ದು ನಿಂತು, ಅದು ತೀರ್ಥವಲ್ಲವೆಂದು ತಿಳಿಹೇಳಿದೆ. ಪುರಾಣ ಹೇಳುವಾಗ ನನ್ನ ಮಾತಿಗೆ ತಲೆದೂಗುತ್ತಿದ್ದವರು ಅಂದು ನನ್ನ ಪಕ್ಕದಿಂದ ಹಾದು ಮುಂದೆ ಸಾಗಿದರು. ಮಾಂಬಳ್ಳಿಯ ಹಿರಿಯಾಕೆಯೊಬ್ಬಳು ಯಜಮಾನರಿಗೆ, "ಬಸ್ಸಿಗೆ ಒತ್ತಾಯ್ತು, ದೀಪ್ವ ಒಸಿ ಅತ್ರಕ್ಕೆ ಮಡಗಿ ಸಾ, ಬಿರ್ರನೆ ಕರಗ್ಲಿ" ಎಂದಳು. ಅವರು ನಿಜವಾಗಿಯೂ ದೀಪದ ಕಂಬವನ್ನು ಎತ್ತಿ ಮಂಜುಗಡ್ಡೆಯ ಪಕ್ಕಕ್ಕೆ ಇಟ್ಟುಬಿಟ್ಟರು.

ಟೀಚರಮ್ಮ ಕಂಬವನ್ನು ಹಿಂದಕ್ಕೆ ಎಳೆದರು. ಮೈಕು ಕೊಡದಿದ್ದರೂ ಅವರ ಮಾತು ಮಂದಿರಕ್ಕೆಲ್ಲ ಕೇಳಿಸಿತು.

"ತೀರ್ಥ ಅಲ್ಲ ಕಣ್ರವ್ವ ಇದು. ಅದ್ರ ಕಾಲ್ಕೆಳಗಿನ ನೆಲ. ಅದ್ನೇ ಕುಡೀತಾ ಇದ್ದೀರಿ."

ಸಾಲು ನಿಂತಿತು. ಕರಡಿ ಆಗಲೇ ಒಂದು ಬದಿಗೆ ವಾಲಿತ್ತು. ಆಗ ಆ ಹಿರಿಯಾಕೆ ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಳ್ಳುತ್ತ, ಬಹಳ ಮೆತ್ತಗೆ, "ನೆಲ್ವಾದ್ರೂ ಪುಣ್ಯವೇ ಬುಡಿ ಟೀಚರಮ್ಮ" ಎಂದಳು. ಸಾಲು ಮತ್ತೆ ಚಲಿಸಿತು. ಮಂಗಳಾರತಿಯ ಗಂಟೆ ಮೊಳಗಿತು. ಟೀಚರಮ್ಮ ಬೇಡಿ ಪಡೆದಿದ್ದ ಆ ಎರಡು ಮಾತಿಗೆ ಕೊನೆಗೂ ಎಡೆ ಸಿಗಲಿಲ್ಲ.

ಭಕ್ತಿಯನ್ನು ನಾನೆಂದೂ ಹಗುರವಾಗಿ ಕಂಡವನಲ್ಲ. ಆದರೂ ಆ ಸಂಜೆಯನ್ನು ನೆನೆದಾಗ ಇಂದಿಗೂ ಒಳಗೆ ಕುದಿಯುತ್ತದೆ. ಕೈಮುಗಿಯುವುದು ನಮಗೆ ಅಷ್ಟು ಸುಲಭ. ಕೈಮುಗಿದದ್ದನ್ನು ಉಳಿಸುವುದು ಏಕೆ ಇಷ್ಟು ಕಷ್ಟ? ಮುಂದಿನ ವರ್ಷವೂ ಟೀಚರಮ್ಮ ಕರಡಿ ತಂದರು, ಅದರ ಮುಂದಿನ ವರ್ಷವೂ. ಜನ ತಂಬಿಗೆ ಹಿಡಿದೇ ಬಂದರು. ಟೀಚರಮ್ಮ ಪ್ರತಿ ವರ್ಷ ಸಿಟ್ಟಾದರು, ಮತ್ತೆ ಮೊದಲಿನಿಂದ ವಿವರಿಸಿದರು...

ಎರಡು ಬೇಸಿಗೆಗಳ ಹಿಂದೆ, ಹಗಲು ಹೊರಗೆ ಕಾಲಿಡಲಾಗದಂಥ ಬಿಸಿಲಿನ ದಿನಗಳಲ್ಲಿ, ಅವರು ತೀರಿಕೊಂಡರು. ಈಗ ಮಂದಿರದಲ್ಲಿ ಗೊಂಬೆಗಳಿವೆ, ಕರಡಿಯಿಲ್ಲ. ಹೋದ ನವರಾತ್ರಿಯಲ್ಲಿ ಕೆಲವರು, ಆ ತಣ್ಣನೆಯ ತೀರ್ಥ ಈ ಸಲ ಇಲ್ಲವೇ ಎಂದು ನನ್ನನ್ನು ಕೇಳಿದರು. ಕರಡಿಯನ್ನು ಯಾರೂ ಕೇಳಲಿಲ್ಲ.

ಮಂಜುಗಡ್ಡೆ ಹೊತ್ತು ತಂದವರಿಗೆ ಒಳಿತಾಗಲಿ. ದೀಪ ಸರಿಸಿದವರಿಗೂ, ಬೊಗಸೆಯೊಡ್ಡಿದ ತಾಯಂದಿರಿಗೂ ಒಳಿತಾಗಲಿ; ತಿಳಿವೂ ಬರಲಿ. ದಣಿದು ಹೋದ ಆ ಜೀವಕ್ಕೆ ಸದ್ಗತಿಯಿರಲಿ. ನಮ್ಮ ಕುಂಕುಮವನ್ನು ಬಯಸದ ಆ ದೂರದ ಪ್ರಾಣಿಗೆ, ಮರಿಯೊಡನೆ ನಿಲ್ಲುವಷ್ಟು ಹಿಮವನ್ನು ಭಗವಂತ ಉಳಿಸಲಿ.