ದೊಡ್ಡಮ್ಮನ ಪಕ್ಕಾ ಹೊಲಿಗೆ

ನಮ್ಮ ದೊಡ್ಡಮ್ಮನ ಕೈಯಲ್ಲಿ ಹೊಲಿಸಿಕೊಂಡವರು ಅದನ್ನು ಬಿಚ್ಚುವ ಆಸೆ ಇಟ್ಟುಕೊಳ್ಳಬಾರದು. ಒಂದು ಗುಂಡಿ ಹಾಕಿದರೂ ಎಂಟು ಸುತ್ತು, ಮೇಲೊಂದು ಗಂಟು. "ಬಟ್ಟೆ ಬೇಕಾದ್ರೆ ಹರಿಯುತ್ತೆ, ನನ್ನ ಹೊಲಿಗೆ ಬಿಡಲ್ಲ" ಎಂದು ಗಿರಾಕಿಗಳೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಊರಿನ ಫುಟ್‌ಬಾಲ್ ತಂಡದ ಅಂಗಿಗಳಿಗೆ ನಂಬರ್ ಹೊಲಿಯುವುದು, ಹರಿದದ್ದನ್ನು ಸರಿಮಾಡುವುದು ಹದಿನಾಲ್ಕು ವರ್ಷದಿಂದ ಅವಳದೇ ಕೆಲಸ. ಮನೆ ನಡೆಯುತ್ತಿದ್ದದ್ದು ಅದರಿಂದ, ನಾನು ಓದಿದ್ದೂ ಅದರಿಂದ.

ನನ್ನ ಅಮ್ಮ, ಅಂದರೆ ಅವಳ ತಂಗಿ, ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಒಳಗಿದ್ದಳು. ಹನ್ನೊಂದು ಹೆಂಗಸರು ಸತ್ತರು; ಬಾಗಿಲಿಗೆ ಹೊರಗಿನಿಂದ ಬೀಗ. ಬೀಗ ಹಾಕಿಸಿದವರು ಯಾರೆಂದು ಎರಡು ವರ್ಷವಾದರೂ ಸರ್ಕಾರ ಬಾಯಿ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ತಂಡದ ಕ್ಯಾಪ್ಟನ್ ಬಂದು ಅಂಗಿಗಳ ಗಂಟನ್ನು ಅಂಗಡಿಯ ಮೇಜಿನ ಮೇಲಿಟ್ಟ. "ಅಮ್ಮಾ, ತೋಳಿಗೆ ಒಂದೊಂದು ಕಪ್ಪು ಪಟ್ಟಿ ಬೇಕು. ಆ ಬೆಂಕಿಯ ತನಿಖೆ ಆಗ್ಲಿ ಅಂತ. ಕಚ್ಚಾ ಹೊಲಿಗೆ ಸಾಕು, ತೆಗೀರಿ ಅಂದ್ರೆ ಎಳೆದುಬಿಡ್ತೀವಿ."

"ಆಯ್ತಪ್ಪ" ಎಂದಳು ದೊಡ್ಡಮ್ಮ. ತಂಗಿಯ ಮಾತೆತ್ತಲಿಲ್ಲ. ಆವತ್ತು ಕರೆದರೂ ಊಟಕ್ಕೆ ಏಳಲಿಲ್ಲ.

ಆಟದ ದಿನ ಪಟ್ಟಿ ಕಂಡಿದ್ದೇ ತಡ, ಅರ್ಧ ಮೈದಾನ ಹುಯಿಲೆಬ್ಬಿಸಿತು. "ಆಡೋಕೆ ಬಂದಿದ್ದೀರಾ, ರಾಜಕೀಯ ಮಾಡೋಕಾ" ಎಂದು ನನ್ನ ಹಿಂದೆ ಕೂತವನು ಗಂಟಲು ಹರಿದುಕೊಂಡ. ಸೋತ ದಿನ ಕೂಡ ಅವನಿಗೆ ಅಷ್ಟು ಸಿಟ್ಟು ಬಂದಿರಲಾರದು. ಪಟ್ಟಿ ತೆಗೆಯಿರಿ ಎಂದ ರೆಫರಿ. ಕ್ಯಾಪ್ಟನ್ ಎಳೆದ, ಬರಲಿಲ್ಲ. ಗೋಲ್‌ಕೀಪರ್ ಹಲ್ಲಿನಲ್ಲಿ ಕಚ್ಚಿ ನೋಡಿದ. ಕೊನೆಗೆ ತಂಡದ ಮ್ಯಾನೇಜರ್ ಓಡಿಬಂದು ಜಗ್ಗಿದರೆ ಭುಜದ ಹೊಲಿಗೆ ಬಿಟ್ಟು ಕ್ಯಾಪ್ಟನ್‌ನ ಅಂಗಿಯ ಇಡೀ ತೋಳೇ ಕೈಗೆ ಬಂತು, ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೂಗುತ್ತಿದ್ದವರಲ್ಲೂ ಕೆಲವರು ನಕ್ಕರು. ಪಕ್ಕದ ಸಾಲಿನಲ್ಲಿ ಒಬ್ಬಾಕೆ ಸುಮ್ಮನೆ ಎದ್ದು ನಿಂತಳು, ಅವಳನ್ನು ನೋಡಿ ಹತ್ತಿಪ್ಪತ್ತು ಜನ. ಅವರ ಮುಖ ಮರೆತಿದ್ದೇನೆ, ಉಪಕಾರ ಮರೆತಿಲ್ಲ. ಬೇರೆ ದಾರಿ ಕಾಣದೆ ರೆಫರಿ ಪಟ್ಟಿ ಇದ್ದಂತೆಯೇ ಆಟ ಶುರುವಾಗಲೆಂದು ಸೀಟಿ ಊದಿದ.

ಮಾರನೆಯ ದಿನ ಮ್ಯಾನೇಜರ್ ಫೋನ್ ಮಾಡಿ, ಇನ್ನು ತಂಡದ ಕೆಲಸ ನಿಮಗಿಲ್ಲ ಎಂದ. ಇಬ್ಬರು ಗಿರಾಕಿಗಳು ಕೊಟ್ಟಿದ್ದ ಬಟ್ಟೆ ವಾಪಸ್ ಒಯ್ದರು. ಸಂಜೆ ಕ್ಯಾಪ್ಟನ್ ಹರಿದ ಅಂಗಿ ಹಿಡಿದು ಬಂದ.

"ನಮ್ಮಿಂದ ನಿಮ್ಮ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು. ಆದ್ರೂ ಅಮ್ಮಾ, ನಾನು ಕಚ್ಚಾ ಹೊಲಿಗೆ ಅಂದಿದ್ನಲ್ಲ?"

ದೊಡ್ಡಮ್ಮ ತೋಳನ್ನು ಕೈಗೆತ್ತಿಕೊಂಡು ಪಟ್ಟಿ ಸವರಿದಳು. "ಆ ಹನ್ನೊಂದು ಜನರಲ್ಲಿ ಒಬ್ಬಳು ನನ್ನ ತಂಗಿ ಕಣಪ್ಪ. ಎರಡು ವರ್ಷದಲ್ಲಿ ಅವಳಿಗೋಸ್ಕರ ಬಾಯಿ ತೆಗೆದೋರು ನೀವೇ ಮೊದಲು. ಅವಳ ಹೆಸರಿನ ಪಟ್ಟಿಗೆ ಹೇಗೆ ಕಚ್ಚಾ ಹೊಲಿಗೆ ಹಾಕ್ಲಿ, ನೀನೇ ಹೇಳು."

ಕ್ಯಾಪ್ಟನ್ ಸ್ಟೂಲಿನ ಮೇಲೆ ಕೂತ. ಅವಳು ಆ ತೋಳನ್ನು ಅಂಗಿಗೆ ಮತ್ತೆ ಹೊಲಿದು ಮುಗಿಸುವವರೆಗೂ ಅವನು ಏಳಲಿಲ್ಲ.